ಕ್ರಿಯಾಪದದ ಹೆಸರು ಸಾಕು, ಕೆಲಸ ಕಲಿಸೋಣ
ಇಂಗ್ಲಿಷ್ ಮೇಷ್ಟ್ರಿಗೊಂದು ಬಹಿರಂಗ ಪತ್ರ

ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಎಲ್ಲ ಮೇಷ್ಟ್ರಿಗೆ, ಮೇಡಂ ಅವರಿಗೆ, ಪ್ರಶ್ನೆಪತ್ರಿಕೆ ತೆಗೆಯುವ ಹಿರಿಯರಿಗೆ,

ಕನ್ನಡ ಪಾಠ ಮಾಡಿಕೊಂಡಿರುವ ನಾನು ನಿಮ್ಮ ವಿಷಯದಲ್ಲಿ ಬಾಯಿ ಹಾಕುತ್ತಿರುವುದಕ್ಕೆ ಕಾರಣವಿದೆ. ನಿಮ್ಮ ಪಿರಿಯಡ್ಡಿನಲ್ಲಿ ಕೂತ ಮಕ್ಕಳೇ ಗಂಟೆ ಹೊಡೆದ ಮೇಲೆ ನನ್ನ ಪಾಠಕ್ಕೂ ಕೂರುತ್ತಾರೆ. ನೀವು ವರ್ಬ್ ಎನ್ನುವುದನ್ನು ನಾನು ಕ್ರಿಯಾಪದ ಎನ್ನುತ್ತೇನೆ. ನೀವು ಟ್ರಾನ್ಸಿಟಿವ್, ಇನ್‌ಟ್ರಾನ್ಸಿಟಿವ್ ಎಂದು ಬರೆಸುತ್ತೀರಿ, ನಾನು ಸಕರ್ಮಕ, ಅಕರ್ಮಕ ಎಂದು ಬರೆಸುತ್ತೇನೆ. ಎರಡೂ ಒಂದೇ ಸಂಗತಿ ಎಂದು ಆ ಮಕ್ಕಳಿಗೆ ಹೇಳುವವರೇ ಇಲ್ಲ. ನಮ್ಮ ಎರಡು ನೋಟ್‌ಬುಕ್ಕುಗಳು ಒಂದೇ ಚೀಲದಲ್ಲಿದ್ದರೂ ಒಂದಕ್ಕೊಂದು ಪರಿಚಯವಿಲ್ಲ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಇಂಗ್ಲಿಷ್ ನೋಟ್ಸ್ ಈಗ ನನ್ನ ಮುಂದಿದೆ. ಸ್ಕೇಲು ಹಿಡಿದು ಗೆರೆ ಎಳೆದ ಅಂದವಾದ ಪಟ್ಟಿ. ಮೇನ್ ವರ್ಬ್, ಹೆಲ್ಪಿಂಗ್ ವರ್ಬ್, ಲಿಂಕಿಂಗ್ ವರ್ಬ್, ಮೋಡಲ್. ಪ್ರತಿಯೊಂದರ ಕೆಳಗೂ ಉದಾಹರಣೆ, ಎಲ್ಲಕ್ಕೂ ರೈಟ್ ಗುರುತು. ಹಾಳೆ ತಿರುವಿದರೆ ಗೆಳತಿಗೆ ಬರೆದ ಪತ್ರ. ಅದರಲ್ಲಿ 'ಮೈ ಫಾದರ್ ಡಿಡ್ ನಾಟ್ ಕೇಮ್' ಎಂದಿದೆ. 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ಎಂದಿದೆ. 'ವಿ ಡಿಸ್ಕಸ್ಡ್ ಅಬೌಟ್ ದ ಟೂರ್' ಎಂದಿದೆ. ಮೂರಕ್ಕೂ ಕೆಂಪು ಸುತ್ತು ಬಿದ್ದಿದೆ, ಯಾಕೆ ತಪ್ಪು ಎಂಬ ಮಾತಿಲ್ಲ. ಕ್ರಿಯಾಪದದ ಬಗೆಗಳನ್ನೆಲ್ಲ ಹೆಸರು ಹಿಡಿದು ಗುರುತಿಸುವ ಮಗು ಅದೇ ಕ್ರಿಯಾಪದಗಳಿಂದ ಒಂದು ಪತ್ರ ಬರೆಯಲಾರದೆ ಕೂತಿದೆ. ಈ ಪತ್ರ ಬರೆಯುವಂತೆ ಮಾಡಿದ್ದು ಆ ಎರಡು ಪುಟಗಳು.

ಮೊದಲನೇ ತಪ್ಪನ್ನೇ ನೋಡೋಣ. ಡಿಡ್ ಬಂದರೆ ಮುಂದೆ ವಿ1 ಬರಬೇಕು, ವಿ2 ಬರಬಾರದು ಎಂಬ ಸೂತ್ರ ಅವಳಿಗೆ ಬಾಯಿಗೆ ಬರುತ್ತದೆ. ಕೈಗೆ ಬಂದಿಲ್ಲ. ಅವಳನ್ನು ಕರೆದು ಕನ್ನಡದಲ್ಲಿ ಕೇಳಿ. ಅಪ್ಪ ಬಂದ್ರಾ? ಬಂದ್ರು. ಬರದಿದ್ದರೆ ಏನಂತೀಯ? ಬರಲಿಲ್ಲ. 'ಬಂದ್ರು' ಎಂಬುದರಲ್ಲಿದ್ದ ಭೂತಕಾಲದ ರೂಪ ಎಲ್ಲಿ ಹೋಯಿತು? ಇಲ್ಲ ಎನ್ನುವ ಹೊತ್ತಿಗೆ ಅದು ಕಳಚಿಕೊಂಡು 'ಬರಲು' ಎಂಬ ರೂಪ ಬಂತು. 'ಬಂದಲಿಲ್ಲ' ಎಂದು ನಮ್ಮ ಯಾವ ಹಳ್ಳಿಯಲ್ಲೂ ಯಾರೂ ಅನ್ನುವುದಿಲ್ಲ. ಇಂಗ್ಲಿಷಿನಲ್ಲೂ ಆಗುವುದು ಅದೇ. ನಡೆದುಹೋದ ಕಾಲವನ್ನು ಡಿಡ್ ಹೊತ್ತುಕೊಂಡಿತು, ಆದ್ದರಿಂದ ಕೇಮ್ ಹೋಗಿ ಕಮ್ ಉಳಿಯಿತು. ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. 'ಅವಳು ಬರೆಯಲಿಲ್ಲ' ಎಂಬುದಕ್ಕೂ 'ಅವಳು ಬರೆದಿಲ್ಲ' ಎಂಬುದಕ್ಕೂ ಇರುವ ವ್ಯತ್ಯಾಸ ಆ ಹುಡುಗಿಗೆ ಚೆನ್ನಾಗಿ ಗೊತ್ತು. ಒಂದು ಮುಗಿದ ಮಾತು, ಇನ್ನೊಂದು ಈ ಹೊತ್ತಿನವರೆಗಿನ ಮಾತು. ಮೊದಲನೆಯದು 'ಡಿಡ್ ನಾಟ್ ರೈಟ್', ಎರಡನೆಯದು 'ಹ್ಯಾಸ್ ನಾಟ್ ರಿಟನ್'. ಪ್ರೆಸೆಂಟ್ ಪರ್ಫೆಕ್ಟ್ ಎಂದು ನೀವು ವಾರಗಟ್ಟಲೆ ಹೆಣಗುವ ಪಾಠದ ಅರ್ಧ ಭಾಗ ಅವಳು ಮನೆಯಿಂದಲೇ ಕಲಿತು ಬಂದಿದ್ದಾಳೆ.

ಎರಡನೇ ತಪ್ಪು ಇನ್ನೂ ಒಳ್ಳೆಯ ಪಾಠ ಕೊಡುತ್ತದೆ. ನೋ, ವಾಂಟ್, ಲೈಕ್, ಹ್ಯಾವ್ ಇಂಥವು ಸ್ಥಿತಿಯನ್ನು ಹೇಳುವ ಕ್ರಿಯಾಪದಗಳು, ಸಾಮಾನ್ಯವಾಗಿ ಇವಕ್ಕೆ ಇಂಗ್ ಹಚ್ಚಬಾರದು ಎಂದು ನೀವು ಪಟ್ಟಿ ಕೊಡುತ್ತೀರಿ. ಮಗು ಪಟ್ಟಿ ಮರೆತು 'ಐ ಆಮ್ ನೋಯಿಂಗ್' ಎನ್ನುತ್ತದೆ. ಇವನ್ನೇ ಕನ್ನಡದಲ್ಲಿ ಹೇಳಿಸಿ: ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ಇಬ್ಬರು ಅಣ್ಣಂದಿರಿದ್ದಾರೆ. 'ನಾನು' ಎಂದು ಶುರುವಾಗದೆ 'ನನಗೆ' ಎಂದು ಶುರುವಾಗುವ ಮಾತುಗಳಿವು. ಓಡುತ್ತಿದ್ದೇನೆ, ತಿನ್ನುತ್ತಿದ್ದೇನೆ ಎಂಬಲ್ಲಿ ಬರುವ 'ಉತ್ತ' ಇವುಗಳ ಹತ್ತಿರ ಸುಳಿಯುವುದೇ ಇಲ್ಲ. 'ಗೊತ್ತುತ್ತಿದೆ', 'ಬೇಕುತ್ತಿದೆ' ಎಂದರೆ ತರಗತಿ ಗೊಳ್ಳೆಂದು ನಗುತ್ತದೆ. ಆ ನಗುವೇ ಅವರಿಗೆ ನಿಯಮ ಗೊತ್ತಿದೆ ಎಂಬುದಕ್ಕೆ ಸಾಕ್ಷಿ. 'ನನಗೆ' ಎಂದು ಶುರುವಾಗಿ 'ಉತ್ತ' ಸೇರಿಸಿಕೊಳ್ಳದ ಮಾತು ಇಂಗ್ಲಿಷಿಗೆ ಹೋದಾಗ ಇಂಗ್ ಬೇಡ ಎಂದು ಹೇಳಿಕೊಟ್ಟರೆ ಪಟ್ಟಿಯ ಹಂಗು ಬಹುಮಟ್ಟಿಗೆ ತಪ್ಪುತ್ತದೆ. ಪೂರ್ತಿ ತಪ್ಪುವುದಿಲ್ಲ. ನನಗೆ ಕಾಣಿಸುತ್ತಿದೆ, ನನಗೆ ಕೇಳಿಸುತ್ತಿದೆ ಎಂದು ಕನ್ನಡ ಹೇಳುವಲ್ಲಿ ಇಂಗ್ಲಿಷ್ 'ಐ ಕ್ಯಾನ್ ಸೀ', 'ಐ ಕ್ಯಾನ್ ಹಿಯರ್' ಎನ್ನುತ್ತದೆ. ಅಂಥವನ್ನು ಬೇರೆಯಾಗಿ ಹೇಳಿಕೊಡಬೇಕು.

ಮೂರನೆಯದರಲ್ಲಿ ಕನ್ನಡ ಸಹಾಯ ಮಾಡುವುದಿಲ್ಲ, ದಾರಿ ತಪ್ಪಿಸುತ್ತದೆ. ಪ್ರವಾಸದ ಬಗ್ಗೆ ಚರ್ಚಿಸಿದೆವು ಎಂಬ ಮಾತಿನ 'ಬಗ್ಗೆ' ಅಬೌಟ್ ಆಗಿ ನುಸುಳಿತು. ಡಿಸ್ಕಸ್ ಸಕರ್ಮಕ ಕ್ರಿಯಾಪದ. ಅದು ತನ್ನ ಕರ್ಮವನ್ನು ನೇರವಾಗಿ ಹಿಡಿಯುತ್ತದೆ, ನಡುವೆ ಯಾರೂ ಬೇಡ. 'ಮ್ಯಾರಿ ವಿತ್', 'ರೀಚ್ ಟು' ಎಂಬ ತಪ್ಪುಗಳು ಇದೇ ಜಾತಿಯವು. ತಿರುಗಿ ನೋಡಿದರೆ ಬಸ್ಸನ್ನು ಕಾಯುತ್ತೇವೆ, ಹಾಡನ್ನು ಕೇಳುತ್ತೇವೆ ಎಂದು ಕನ್ನಡ ನೇರವಾಗಿ ಹಿಡಿಯುವ ಕಡೆ ಇಂಗ್ಲಿಷಿಗೆ 'ವೇಟ್ ಫಾರ್', 'ಲಿಸನ್ ಟು' ಬೇಕು. ಟ್ರಾನ್ಸಿಟಿವ್ ಎಂಬ ಹೆಸರಿಗೆ ಬೆಲೆ ಬರುವುದು ಇಲ್ಲಿ, ಇಂಥ ಜಾಗದಲ್ಲಿ. ಇಲ್ಲಿ ಉಪಯೋಗಿಸದೆ, ಕೆಳಗೆ ಗೆರೆ ಎಳೆದ ಕ್ರಿಯಾಪದ ಯಾವ ಬಗೆಯದು ಎಂದು ಒಂದು ಅಂಕಕ್ಕೆ ಕೇಳಿ ಮುಗಿಸುತ್ತೇವೆ.

ಅಷ್ಟಕ್ಕೂ ಬಿಡಿ ಪದ ಕೊಟ್ಟು ಅದು ಟ್ರಾನ್ಸಿಟಿವ್ ಹೌದೋ ಅಲ್ಲವೋ ಎಂದು ಕೇಳುವುದೇ ಎಷ್ಟೋ ಸಲ ಅನ್ಯಾಯ. ಕುಕ್ ಎಂಬ ಪದ ತಗೊಳ್ಳಿ. ಅನ್ನ ಬೇಯುತ್ತಿದೆ ಎಂದರೂ ಕುಕ್, ಅಮ್ಮ ಅನ್ನ ಬೇಯಿಸುತ್ತಿದ್ದಾಳೆ ಎಂದರೂ ಕುಕ್. ಬಾಯ್ಲ್, ರೋಲ್, ಮೂವ್, ಗ್ರೋ ಎಲ್ಲವೂ ಹೀಗೇ. ಬೇಯು ಮತ್ತು ಬೇಯಿಸು, ಕುದಿ ಮತ್ತು ಕುದಿಸು, ಉರುಳು ಮತ್ತು ಉರುಳಿಸು ಎಂದು 'ಇಸು' ಪ್ರತ್ಯಯ ಹಚ್ಚಿ ನಾವು ಬೇರೆ ಮಾಡುವುದನ್ನು ಇಂಗ್ಲಿಷ್ ವಾಕ್ಯದಲ್ಲಿ ಪದ ಕೂರುವ ಜಾಗದಿಂದಲೇ ತಿಳಿಸುತ್ತದೆ. ವಾಕ್ಯ ಕೊಡದೆ ಪ್ರಶ್ನೆ ಕೇಳಿದರೆ ಬುದ್ಧಿವಂತ ಮಗು ಎರಡೂ ಸರಿ ಎನ್ನುತ್ತದೆ, ಆ ಉತ್ತರಕ್ಕೆ ಗೈಡಿನಲ್ಲಿ ಅಂಕವಿಲ್ಲ.

ಮೋಡಲ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಾನು ಬರಬಹುದು, ಅವನು ಬರಬಹುದು, ಅವರು ಬರಬಹುದು. ಯಾರೇ ಬರಲಿ 'ಬಹುದು' ಬದಲಾಗುವುದಿಲ್ಲ. ಬೇಕು, ಕೂಡದು ಕೂಡ ಹಾಗೆಯೇ. ಕ್ಯಾನ್, ಮಸ್ಟ್, ಮೇ ಇವುಗಳಿಗೂ ಎಸ್ ಹತ್ತುವುದಿಲ್ಲ, ಮುಂದಿನ ಕ್ರಿಯಾಪದಕ್ಕೂ ಹತ್ತುವುದಿಲ್ಲ. 'ಹೀ ಕ್ಯಾನ್ ಸ್ಪೀಕ್ಸ್' ಎಂದ ಹುಡುಗನಿಗೆ ಇಷ್ಟು ತೋರಿಸಿದರೆ ಸಾಕು. ಇನ್ನು 'ಹೀ ಅವರ್ ಟೀಚರ್' ಎಂದು ಈಸ್ ನುಂಗಿ ಬರೆಯುವ ಮಗು ಸೋಮಾರಿ ಅಲ್ಲ. 'ಅವರು ನಮ್ಮ ಮೇಷ್ಟ್ರು' ಎಂಬುದು ಕ್ರಿಯಾಪದವೇ ಇಲ್ಲದ ಪೂರ್ಣ ವಾಕ್ಯ. ಕನ್ನಡಕ್ಕೆ ಅಲ್ಲಿ ಕ್ರಿಯಾಪದ ಬೇಡ, ಇಂಗ್ಲಿಷಿಗೆ ಬೇಕೇ ಬೇಕು. ಈ ಒಂದು ಮಾತು ಹೇಳಿಬಿಟ್ಟರೆ ಲಿಂಕಿಂಗ್ ವರ್ಬ್ ಯಾಕೆ ಹುಟ್ಟಿತು ಎಂಬುದು ಮಗುವಿಗೆ ಹೊಳೆಯುತ್ತದೆ.

ವಿ1, ವಿ2, ವಿ3 ಪಟ್ಟಿಯನ್ನು ಎ ಇಂದ ಝಡ್ ತನಕ ಕೂಗಿಸುವುದನ್ನು ನಮ್ಮ ಶಾಲೆಗಳ ವರಾಂಡದಲ್ಲಿ ನಡೆದವರೆಲ್ಲ ಕೇಳಿದ್ದಾರೆ. ಅದನ್ನು ಬಿಡಿ ಎನ್ನಲಾರೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯ ಹತ್ತು ಕ್ರಿಯಾಪದಗಳೂ, ಅಂದರೆ ಬೀ, ಹ್ಯಾವ್, ಡೂ, ಸೇ, ಗೋ, ಗೆಟ್, ಮೇಕ್, ಟೇಕ್, ಕಮ್, ಸೀ ಎಲ್ಲವೂ ನಿಯಮ ಮೀರಿದವೇ. ಅವನ್ನು ಕಲಿಯದೆ ಗತಿಯಿಲ್ಲ. ಆದರೆ ಅಕ್ಷರಮಾಲೆಯ ಕ್ರಮ ಬಿಟ್ಟು ಬಳಗ ಕಟ್ಟಿ ಕಲಿಸಿ. ಸಿಂಗ್ ಸ್ಯಾಂಗ್, ರಿಂಗ್ ರ‍್ಯಾಂಗ್, ಡ್ರಿಂಕ್ ಡ್ರ‍್ಯಾಂಕ್ ಒಂದು ಬಳಗ. ಕನ್ನಡದಲ್ಲೂ ಕೊಡು ಕೊಟ್ಟ, ಇಡು ಇಟ್ಟ, ಬಿಡು ಬಿಟ್ಟ, ಸುಡು ಸುಟ್ಟ ಒಂದು ಬಳಗ. ಮಾಡು ಮಾಡಿದ, ಹಾಡು ಹಾಡಿದ ಇನ್ನೊಂದು. ಹೊಸದಾಗಿ ಇಂಗ್ಲಿಷಿಗೆ ಬರುವ ಕ್ರಿಯಾಪದಗಳೆಲ್ಲ ಇಡಿ ಹಚ್ಚಿಕೊಂಡು ಸುಮ್ಮನಿರುತ್ತವೆ. ಗೂಗಲ್ ಮಾಡಿದರೆ ಗೂಗಲ್ಡ್, ಟೆಕ್ಸ್ಟ್ ಮಾಡಿದರೆ ಟೆಕ್ಸ್ಟೆಡ್. ಪಟ್ಟಿ ಇನ್ನು ಬೆಳೆಯುವುದು ಅಪರೂಪ ಎಂದು ಕೇಳಿದರೆ ಮಕ್ಕಳಿಗೂ ಸಮಾಧಾನವಾಗುತ್ತದೆ.

ಈ ಹೆಸರು ಹಿಡಿದು ಕೂಗುವ ಪದ್ಧತಿ ಎಲ್ಲಿಂದ ಬಂತು? 1795ರಲ್ಲಿ ಲಿಂಡ್ಲಿ ಮರ‍್ರೆ ಎಂಬಾತ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ, ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆಂದು ಒಂದು ಇಂಗ್ಲಿಷ್ ವ್ಯಾಕರಣ ಬರೆದ. ಆಮೇಲೆ ಅದು ಲೆಕ್ಕವಿಲ್ಲದಷ್ಟು ಸಲ ಅಚ್ಚಾಯಿತು. ಅದನ್ನು ಓದುವವರಿಗೆ ಇಂಗ್ಲಿಷ್ ಮನೆಮಾತು. ಮಾತು ಮೊದಲೇ ಬಂದವರಿಗೆ ಅದರ ಭಾಗಗಳ ಹೆಸರು ತಿಳಿಸುವುದು ಆ ಪುಸ್ತಕದ ಕೆಲಸ. ಲ್ಯಾಟಿನ್ ಕಲಿತವರ ಕಣ್ಣಿನಿಂದ ಇಂಗ್ಲಿಷನ್ನು ನೋಡಿದ ವ್ಯಾಕರಣಗಳ ಸಾಲಿನದು ಅದು. ಆ ಸಾಲಿನ ಛಾಯೆ ನಮ್ಮ ದೇಶದ ಮನೆಮನೆಯಲ್ಲಿರುವ ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕದ ತನಕ ಬಂದಿದೆ. ಮಾತೇ ಬಾರದ ಮಗುವಿಗೆ ಹೆಸರು ಮೊದಲು ಕೊಟ್ಟರೆ ಹೆಸರಷ್ಟೇ ಉಳಿಯುತ್ತದೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡ ವ್ಯಾಕರಣ ಬರೆದಿದ್ದರಿಂದ ಆದ ತೊಡಕನ್ನು ಡಿ.ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದು ತೋರಿಸಿದ್ದಾರೆ. ನನ್ನ ವಿಷಯದಲ್ಲೂ ಇದೇ ರೋಗವಿರುವುದರಿಂದಲೇ ನಿಮ್ಮದನ್ನು ಕಂಡು ಸಂಕಟವಾಗುತ್ತದೆ.

ಬೇರೆ ದಾರಿ ಹಿಡಿದವರೂ ಇದ್ದಾರೆ. ಎ.ಎಸ್. ಹಾರ್ನ್‌ಬಿ 1924ರಲ್ಲಿ ಜಪಾನಿಗೆ ಹೋಗಿ ಇಂಗ್ಲಿಷ್ ಕಲಿಸಿದವರು. ಇಂಗ್ಲಿಷ್ ಮನೆಮಾತಲ್ಲದ ಹುಡುಗರನ್ನು ವರ್ಷಗಟ್ಟಲೆ ಕಂಡ ಅವರು ಒಂದೊಂದು ಕ್ರಿಯಾಪದವೂ ತನ್ನ ಹಿಂದೆ ಮುಂದೆ ಏನನ್ನು ಕೇಳುತ್ತದೆ ಎಂಬುದನ್ನೇ ಹಿಡಿದು 25 ಮಾದರಿಗಳಾಗಿ ವಿಂಗಡಿಸಿದರು. 'ಇಂಟೆಂಡ್ ಟು ಕಮ್' ಸರಿ, 'ಪ್ರಪೋಸ್ ಟು ಕಮ್' ಸರಿ, 'ಸಜೆಸ್ಟ್ ಟು ಕಮ್' ಮಾತ್ರ ತಪ್ಪು. ಅರ್ಥ ಹತ್ತಿರವಿದ್ದರೂ ನಡೆ ಬೇರೆ. 1942ರಲ್ಲಿ ಟೋಕಿಯೋದಲ್ಲಿ ಅಚ್ಚಾದ ಅವರ ನಿಘಂಟೇ ಮುಂದೆ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯಾಗಿ ಬೆಳೆಯಿತು. ಕಲಿಯುವವರಿಗೆಂದೇ ಮಾಡಿದ ಇಂಥ ನಿಘಂಟುಗಳಲ್ಲಿ ಕ್ರಿಯಾಪದದ ಪಕ್ಕ ಟಿ ಅಥವಾ ಐ ಎಂಬ ಅಕ್ಷರವಿರುತ್ತದೆ, ಸಕರ್ಮಕವೋ ಅಕರ್ಮಕವೋ ಎಂದು ತಿಳಿಸಲು. ಆ ಅಕ್ಷರವನ್ನು ಓದಲು ಕಲಿತ ಮಗು 'ಡಿಸ್ಕಸ್ ಅಬೌಟ್' ಬರೆಯುವ ಮುಂಚೆ ತಾನೇ ತಡೆದು ನೋಡುತ್ತದೆ.

ನಮ್ಮ ಬೆಂಗಳೂರೇ ಇಂಗ್ಲಿಷ್ ಕಲಿಕೆಯ ಚರಿತ್ರೆಯಲ್ಲಿ ಹೆಸರು ಮಾಡಿದೆ. 1979ರಿಂದ 1984ರ ತನಕ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣ ಪಾಠವನ್ನೇ ಬಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು ಮಕ್ಕಳು ಲೆಕ್ಕ ಹಾಕಿ, ಯೋಚಿಸಿ ಉತ್ತರಿಸುವಂತೆ ಮಾಡಿದರು. ಅರ್ಥದ ಬೆನ್ನು ಹತ್ತಿದ ಮಗುವಿಗೆ ವ್ಯಾಕರಣ ತಾನಾಗಿ ಕೂಡಿಬರುತ್ತದೆ ಎಂಬುದು ಅವರ ನಂಬಿಕೆ. ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾದ ಆ ಪ್ರಯೋಗವನ್ನು ಹೊರದೇಶಗಳ ಶಿಕ್ಷಕರು ಇವತ್ತಿಗೂ ಓದುತ್ತಾರೆ. ನಾನು ಪ್ರಭು ಅವರಷ್ಟು ದೂರ ಹೋಗಲಾರೆ. ಊರಿನಲ್ಲಿ ಇಂಗ್ಲಿಷ್ ಕಿವಿಗೆ ಬೀಳದ ಮಗುವಿಗೆ ದಿನಕ್ಕೊಂದು ಪಿರಿಯಡ್ಡಿನಲ್ಲಿ ಎಲ್ಲವೂ ತಾನಾಗಿ ಕೂಡಿಬರುವುದು ಕಷ್ಟ. ನಿಯಮವನ್ನು ಹೇಳಬೇಕು. ಮಗುವಿಗೆ ಗೊತ್ತಿರುವ ಭಾಷೆಯಿಂದ ಹೇಳಬೇಕು, ಅಷ್ಟೇ ನನ್ನ ವಾದ.

ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕನ್ನಡ ಮಾತಾಡಬಾರದು ಎಂಬ ಕಟ್ಟಳೆ ಎಷ್ಟೋ ಕಡೆ ಇದೆ. ಇಡೀ ಪಾಠವನ್ನು ಕನ್ನಡಕ್ಕೆ ತರ್ಜುಮೆ ಮಾಡಿ ಒಪ್ಪಿಸುವ ಚಾಳಿಗೆ ಹೆದರಿ ಬಂದ ಕಟ್ಟಳೆ ಅದು. ಆ ಹೆದರಿಕೆ ಸುಳ್ಳಲ್ಲ. ನಾನು ಕೇಳುತ್ತಿರುವುದು ಕನ್ನಡದ ಎರಡು ನಿಮಿಷ. 'ಬರಲಿಲ್ಲ' ಎಂದು ಬೋರ್ಡಿನ ಮೇಲೆ ಬರೆದು ಅದರ ಪಕ್ಕ 'ಡಿಡ್ ನಾಟ್ ಕಮ್' ಬರೆಯುವಷ್ಟು ಹೊತ್ತು. ಮಿಕ್ಕ ಸಮಯವೆಲ್ಲ ಮಕ್ಕಳು ಇಂಗ್ಲಿಷಿನಲ್ಲಿ ವಾಕ್ಯ ಮಾಡಲಿ, ತಪ್ಪಲಿ, ತಿದ್ದಿಕೊಳ್ಳಲಿ.

ಪ್ರಶ್ನೆಪತ್ರಿಕೆ ತೆಗೆಯುವ ಹಿರಿಯರಲ್ಲಿ ಒಂದು ಕೋರಿಕೆ. ಕ್ರಿಯಾಪದದ ಬಗೆ ಹೆಸರಿಸಿ ಎಂಬ ಪ್ರಶ್ನೆಯನ್ನು ಕೈಬಿಡಿ. ಆ ಅಂಕವನ್ನು ಒಂದು ವಾಕ್ಯ ಬರೆಯುವುದಕ್ಕೆ ಕೊಡಿ. ನೀವು ಕೇಳುವುದನ್ನೇ ಮೇಷ್ಟ್ರು ಕಲಿಸುತ್ತಾರೆ, ಮೇಷ್ಟ್ರು ಕಲಿಸಿದ್ದನ್ನೇ ಮಗು ಬರೆಯುತ್ತದೆ. ಬದಲಾವಣೆ ನಿಮ್ಮ ಮೇಜಿನಿಂದ ಶುರುವಾದರೆ ಉಳಿದವರಿಗೆ ಧೈರ್ಯ ಬರುತ್ತದೆ.

ಮೇಷ್ಟ್ರೇ, ಮೇಡಂ, ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಶಾಲೆಯ ಕನ್ನಡ ಮೇಷ್ಟ್ರ ಜೊತೆ ಒಂದು ದಿನ ಊಟದ ಹೊತ್ತಿಗೆ ಕೂತು ಇಬ್ಬರೂ ಕ್ರಿಯಾಪದದ ಪಾಠ ಯಾವಾಗ ಮಾಡುತ್ತೀರಿ ಎಂದು ಮಾತಾಡಿಕೊಳ್ಳಿ. ಒಂದೇ ವಾರದಲ್ಲಿ ಮಾಡಿ. ಸಕರ್ಮಕ ಅಕರ್ಮಕಗಳನ್ನು ಅವರು ಕಲಿಸಿದ ಮರುದಿನ ನೀವು ಟ್ರಾನ್ಸಿಟಿವ್ ಎತ್ತಿಕೊಳ್ಳಿ. ಇದಕ್ಕೆ ಇಲಾಖೆಯ ಸುತ್ತೋಲೆ ಬೇಕಿಲ್ಲ, ಖರ್ಚಿಲ್ಲ. ಬರುವ ಸೋಮವಾರದಿಂದಲೇ ಶುರು ಮಾಡಬಹುದು.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಕನ್ನಡ ಮೇಷ್ಟ್ರು