ಟೈರಿನ ಮೈಮೇಲಿನ ಶಾಸನ

ಕಲಬುರಗಿಯ ಶಹಾಬಜಾರದಲ್ಲಿ ಒಬ್ಬನ ಗಾಡಿಯ ಹಿಂದಿನ ಟೈರು ಸವೆದದ್ದು ಅವನಿಗಿಂತ ಮೊದಲು ಓಣಿಗೆ ಗೊತ್ತಾಗುತ್ತದೆ. ಗಾಡಿಯ ಮೇಲೆ ಕೂತವನಿಗೆ ಅದು ಕಾಣುವುದಿಲ್ಲ. ಕಟ್ಟೆಯ ಮೇಲೆ ಕೂತವರಿಗೆ ಅದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. "ಏನ್ ಮಾಸ್ತರ್ರ, ಟೈರ್ ಭಾಳ ನುಣ್ಣಗ ಆಗ್ಯಾದಲ್ಲ, ಮುಖ ನೋಡ್ಕೋಬಹುದು" ಎಂದು ಒಬ್ಬರು ಶುರು ಮಾಡುತ್ತಾರೆ. "ಇನ್ನಾ ಆರು ತಿಂಗಳು ಓಡ್ತದ ಬಿಡ್ರಿ, ಸುಮ್ನ ರೊಕ್ಕ ಯಾಕ ಹಾಳ ಮಾಡ್ತೀರಿ" ಎಂದು ಪಕ್ಕದವರು ಜಾಮೀನು ನಿಲ್ಲುತ್ತಾರೆ. ಆ ಆರು ತಿಂಗಳೂ ಜಾಮೀನುದಾರರು ಕಟ್ಟೆಯ ಮೇಲೇ ಇರುತ್ತಾರೆ, ಗಾಡಿಯ ಮೇಲೆ ಇರುವವನು ನಾನು.

ಸರಕಾರಕ್ಕೆ ಇಷ್ಟು ಧೈರ್ಯವಿಲ್ಲ. ಬೈಕಿನ ಟೈರಿನ ಗೀರಿನ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದು ಎನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮ. ಅದಕ್ಕಾಗಿ ಪಟ್ಟಿ ಹಿಡಿದು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂರಬೇಕಿಲ್ಲ. ಗೀರಿನ ತಳದಲ್ಲಿ ಕಂಪನಿಯವರೇ ಸಣ್ಣ ಉಬ್ಬು ಬಿಟ್ಟಿರುತ್ತಾರೆ. ಟೈರಿನ ಅಂಚಿನಲ್ಲಿರುವ ಟಿಡಬ್ಲ್ಯುಐ ಎಂಬ ಅಕ್ಷರವೋ ಪುಟ್ಟ ತ್ರಿಕೋನವೋ ಅದರ ಜಾಗ ತೋರಿಸುತ್ತದೆ. ಮೇಲಿನ ರಬ್ಬರು ಸವೆದು ಆ ಉಬ್ಬಿಗೆ ಸಮವಾಯಿತೆಂದರೆ ಲೆಕ್ಕ ಮುಗಿಯಿತು. ನನ್ನ ಟೈರಿನಲ್ಲಿ ಯಾವುದು ಉಬ್ಬು, ಯಾವುದು ಟೈರು ಎಂದು ಗುರುತಿಸುವುದೇ ಕಷ್ಟವಾಗಿತ್ತು.

ಹೊಸದು ಹಾಕಿಸಬೇಕು ಎಂದು ಬಾಯಿಬಿಟ್ಟದ್ದೇ ತಡ, ಓಣಿ ಪಕ್ಷಗಳಾಗಿ ಒಡೆಯಿತು. "ಎಂಆರ್‌ಎಫ್ ಹಾಕಸ್ರಿ, ಸಚಿನ್ ಬ್ಯಾಟಿನ ಮ್ಯಾಲ ಅದೇ ಇತ್ತು" ಎಂದರು ಒಬ್ಬರು. ಬ್ಯಾಟಿಗೂ ಬೈಕಿಗೂ ಏನು ನಂಟು ಎಂದು ಕೇಳುವಂತಿಲ್ಲ, ಸಚಿನ್ ವಿಷಯದಲ್ಲಿ ಓಣಿಯವರು ಸೂಕ್ಷ್ಮ. ಆ ಕಂಪನಿ 1946ರಲ್ಲಿ ಮದ್ರಾಸಿನಲ್ಲಿ ಮಕ್ಕಳ ಆಟದ ಬಲೂನು ಮಾಡುತ್ತ ಶುರುವಾದದ್ದು ಎಂದು ಹೇಳಿದೆ. "ಮತ್ತ ಗಾಳಿ ಹಿಡಿಯೋದು ಅವರಿಗಿ ಗೊತ್ತೇ ಅದಲ್ಲ!" ಎಂದು ಅದನ್ನೂ ತಮ್ಮ ಕಡೆಯ ಸಾಕ್ಷಿಯಾಗಿ ಬರೆದುಕೊಂಡರು. ಸಿಯೆಟ್ ಪಕ್ಷದವರಿಗೆ ಅದು 1924ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಹುಟ್ಟಿದ ಹೆಸರೆಂದು ತಿಳಿದ ಮೇಲೆ ನಡಿಗೆಯೇ ಬದಲಾಯಿತು. ನಮ್ಮ ಕಾಕಾ ಮಾತ್ರ ಮೈಸೂರಿನ ವಿಕ್ರಾಂತ್ ಬಿಟ್ಟು ಬೇರೆ ಹೆಸರೆತ್ತಲಿಲ್ಲ. ಅದು 1997ರಲ್ಲೇ ಜೆಕೆಯವರ ಕೈಸೇರಿತು ಎಂದರೆ, "ಸೊಸಿ ಆದ್ರೇನಾತು, ಮಗಳು ನಮ್ಮಕಿನೇ" ಎಂದರು.

ಇಷ್ಟೆಲ್ಲ ಜನ ಟೈರಿನ ಬಗ್ಗೆ ಮಾತಾಡಿದರೂ ಒಬ್ಬರೂ ಟೈರನ್ನು ಓದಲಿಲ್ಲ. ನಮ್ಮ ಜಿಲ್ಲೆಗೆ ಇದು ಹೊಸದಲ್ಲ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹವನ್ನು ಒಂದು ಕಲ್ಲಿನ ಮೇಲೆ ನಿಲ್ಲಿಸಿ ತಲೆತಲಾಂತರ ಪೂಜಿಸಿದರು. 1986ರಲ್ಲಿ ಆ ಕಾಳಿಯ ಗುಡಿಯ ಮಾಡು ಕುಸಿದಾಗ ಅಡಿಯ ಕಲ್ಲು ಬೆಳಕಿಗೆ ಬಂತು. ನೋಡಿದರೆ ಅದರ ತುಂಬ ಅಶೋಕನ ಶಾಸನ! ನಾವೂ ಹಾಗೆ, ಶಾಸನದ ಮೇಲೆ ಕೂತೇ ದಿನಾ ಸೂಪರ್ ಮಾರ್ಕೆಟ್‌ಗೆ ಹೋಗಿ ಕಾಯಿಪಲ್ಲೆ ತರುತ್ತೇವೆ. ಟೈರಿನ ಶಾಸನ ಓದಲು ಬ್ರಾಹ್ಮಿ ಲಿಪಿಯೂ ಬೇಕಿಲ್ಲ.

ನನ್ನ ಹಿಂದಿನ ಟೈರಿನ ಮೇಲೆ 100/90-18 56ಪಿ ಎಂದಿದೆ. ಅಗಲ 100 ಮಿಲಿಮೀಟರು, ಗೋಡೆಯ ಎತ್ತರ ಅದರ ನೂರಕ್ಕೆ 90, ರಿಮ್ಮು 18 ಇಂಚು. 56 ಎಂದರೆ ಆ ಒಂದು ಟೈರು ಹೊರಬಲ್ಲ ಭಾರ 224 ಕಿಲೋ. ಗಂಡ, ಹೆಂಡತಿ, ನಡುವೆ ಮಗ, ಟ್ಯಾಂಕಿನ ಮೇಲೆ ಮಗಳು, ಕಮಲಾಪುರದಿಂದ ಬರುವಾಗ ಮೊಣಕಾಲ ಮೇಲೆ ಕೆಂಪು ಬಾಳೆಯ ಗೊನೆ ಎಂಬ ನಮ್ಮ ಪದ್ಧತಿ ಈ ಸಂಖ್ಯೆ ಬರೆದವರಿಗೆ ತಿಳಿದಿರಲಾರದು. ಪಿ ಎಂದರೆ ಗಂಟೆಗೆ 150 ಕಿಲೋಮೀಟರು ವೇಗದವರೆಗೆ ತಾಳುತ್ತದೆ ಎಂದು. ಸಂಜೆ ಆರರ ಹೊತ್ತಿಗೆ ಶಹಾಬಜಾರ ನಾಕಾ ದಾಟುವಾಗ ಈ ಅಕ್ಷರ ನೆನಪಾದರೆ ನಗು ಬರುತ್ತದೆ. ಅಲ್ಲಿ ನಮ್ಮನ್ನು ಎಮ್ಮೆ ಓವರ್‌ಟೇಕ್ ಮಾಡುತ್ತದೆ.

ಅಳಿಯನ ಬೇಡಿಕೆ ಬೇರೆ. "ಮಾಮಾ, 130 ಹಾಕಸು, ಹಿಂದಿನಿಂದ ನೋಡಿದ್ರ ಮಸ್ತ್ ಕಾಣ್ತದ." ನನ್ನ ಗಾಡಿಯನ್ನು ಹಿಂದಿನಿಂದ ನೋಡುವ ಭಾಗ್ಯ ನನಗಂತೂ ಇಲ್ಲ. ಸಪೂರ ರಿಮ್ಮಿಗೆ ದಪ್ಪ ಟೈರು ಏರಿಸಿದರೆ ಅದರ ಅಂಚು ಒಳಕ್ಕೆ ಹಿಂಡಿಕೊಂಡು ನೆತ್ತಿ ಗುಂಡಗಾಗುತ್ತದೆ. ಕೊಟ್ಟ ಅಗಲವೆಲ್ಲ ಪ್ರದರ್ಶನಕ್ಕೆ, ನೆಲ ಮುಟ್ಟುವುದು ಮತ್ತೆ ಅಂಗೈಯಷ್ಟೇ. ಮೇಲೆ ಚೈನಿಗೆ ತಾಗುತ್ತದೆ, ಮೈಲೇಜು ಇಳಿಯುತ್ತದೆ, ಗಾಡಿ ತಿರುವಿನಲ್ಲಿ ಮೊಂಡು ಹಿಡಿಯುತ್ತದೆ. ಇದನ್ನೆಲ್ಲ ವಿವರಿಸಿದೆ. "ಹಂಗಾದ್ರ ಸ್ಟಿಕರ್ ಆದ್ರೂ ಹಚ್ಚಸು" ಎಂದ.

ಬೆಲೆ ಕೇಳುವ ಮೊದಲು ಕೇಳಬೇಕಾದದ್ದು ಟೈರಿನ ವಯಸ್ಸು. ಅಂಚಿನಲ್ಲಿ ಒಂದು ಪುಟ್ಟ ಚೌಕಟ್ಟಿನೊಳಗೆ ನಾಲ್ಕಂಕಿ ಇರುತ್ತವೆ. 1425 ಎಂದಿದ್ದರೆ 2025ರ 14ನೇ ವಾರ ಅಚ್ಚಿನಿಂದ ಹೊರಬಂದದ್ದು. ಅಂಗಡಿಯಲ್ಲಿ ನಾನು ಬಗ್ಗಿ ಅದನ್ನೇ ಹುಡುಕುತ್ತಿದ್ದರೆ ಹುಡುಗ, "ಸರ್, ಎಕ್ಸ್‌ಪೈರಿ ನೋಡ್ಲಕ್ಕ ಇದೇನ್ ಬ್ರೆಡ್ಡೇನ್ರಿ?" ಎಂದ. ಬ್ರೆಡ್ಡಲ್ಲ, ಸರಿ. ಆದರೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನ ತಗಡಿನ ಗೋದಾಮಿನಲ್ಲಿ ನಾಲ್ಕು ಬೇಸಿಗೆ ಕಳೆದ ರಬ್ಬರು ಓಡದೆಯೂ ಮುದಿಯಾಗುತ್ತದೆ. ಗಡುಸಾಗಿ ಸಣ್ಣ ಬಿರುಕು ಬಿಡುತ್ತದೆ. ಫರ್ಸಿ ಹಾಸಿದ ನಮ್ಮ ಓಣಿಯ ಕಲ್ಲು ಮೊದಲ ಮಳೆಗೆ ಎಷ್ಟು ಜಾರುತ್ತದೆಂದು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಟ್ಯೂಬ್‌ಲೆಸ್ ಬೇಕೋ ಟ್ಯೂಬಿನದೋ ಎಂಬುದನ್ನು ನಾವಲ್ಲ, ರಿಮ್ಮು ತೀರ್ಮಾನಿಸುತ್ತದೆ. ಸಾದಾ ಕಡ್ಡಿ ಚಕ್ರದ ತೂತುಗಳಲ್ಲಿ ಗಾಳಿ ನಿಲ್ಲುವುದಿಲ್ಲ, ಅದಕ್ಕೆ ಟ್ಯೂಬೇ ಗತಿ. ಅಲಾಯ್ ಚಕ್ರವಿದ್ದು, ರಿಮ್ಮಿನ ಮೇಲೆ ಟ್ಯೂಬ್‌ಲೆಸ್ ಎಂದು ಅಚ್ಚಾಗಿದ್ದರೆ ಅದನ್ನೇ ಹಾಕಿಸಿ. ಹೊಲದ ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿದರೂ ಗಾಳಿ ಒಮ್ಮೆಲೇ ಹೋಗುವುದಿಲ್ಲ, ಮನೆ ಮುಟ್ಟಿಸುತ್ತದೆ. ಪಂಚರ್ ಅಂಗಡಿಯ ಚಾಚಾಗೆ ಇದೇ ದುಃಖ: "ಮೊದ್ಲು ಮುಳ್ಳು ಚುಚ್ಚಿದ್ರ ಗಾಡಿ ದೂಡ್ಕೋತ ಬರ್ತಿದ್ರು. ಈಗ ಮುಳ್ಳನ್ನ ಸಂಗಾಟ ಇಟ್ಕೊಂಡೇ ತಿರಗ್ತಾರ ನೋಡ್ರಿ." 1880ರ ದಶಕದ ಕೊನೆಯಲ್ಲಿ ಬೆಲ್‌ಫಾಸ್ಟಿನಲ್ಲಿ ಡನ್ಲಪ್ ಎಂಬ ದನದ ಡಾಕ್ಟರು ಮಗನ ಮೂರುಗಾಲಿ ಸೈಕಲ್ಲು ಕುಲುಕಬಾರದೆಂದು ಚಕ್ರಕ್ಕೆ ಗಾಳಿ ತುಂಬಿದ ಕೊಳವೆ ಸುತ್ತಿದ್ದರಿಂದ ಈ ಚಾಚಾನ ದಂಧೆ ಹುಟ್ಟಿತು. ಆ ಡಾಕ್ಟರಿಗೆ ಜಾಲಿಮುಳ್ಳಿನ ಪರಿಚಯವಿರಲಿಲ್ಲ.

ಹೊಲಕ್ಕೂ ಹೋಗುತ್ತೇನೆ, ಬಟನ್ ಟೈರು ಹಾಕಿಸಲೇ ಎಂದು ಕೇಳುವವರು ಬಹಳ. ನಮ್ಮ ಎರೆಮಣ್ಣು ಮಳೆಯಲ್ಲಿ ನೆನೆದ ಮೇಲೆ ಬಟನ್ನೂ ಒಂದೇ, ಬೋಳೂ ಒಂದೇ. ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿ ಚಕ್ರ ತಿರುಗುವುದೇ ನಿಲ್ಲುತ್ತದೆ, ಟ್ರ್ಯಾಕ್ಟರೂ ಸೋಲುತ್ತದೆ. ಮಳೆಗಾಲದ ಎರಡು ವಾರದ ಆಸೆಗೆ ವರ್ಷವಿಡೀ ಸಿಮೆಂಟ್ ರಸ್ತೆಯಲ್ಲಿ ಗರಗರ ಸದ್ದು ಮಾಡುತ್ತ ಬಟನ್ ಸವೆಸುವುದು ದಂಡ. ಇನ್ನು ಸವೆದ ಹಿಂದಿನದನ್ನು ಮುಂದಕ್ಕೆ ಹಾಕುವ ಉಳಿತಾಯದ ಉಪಾಯ. ಎರಡೂ ಚಕ್ರಕ್ಕೆ ಒಂದೇ ಅಳತೆ ಇರುವ ಗಾಡಿಗಳಲ್ಲಿ ಇದು ನಡೆದೇ ಇದೆ. ಬ್ರೇಕು ಹಿಡಿದಾಗ ಹೆಚ್ಚಿನ ಭಾರ ಬೀಳುವುದೇ ಮುಂದಿನ ಚಕ್ರದ ಮೇಲೆ. ಬೋಳು ಟೈರಿಗೆ ಅಲ್ಲಿ ಬಡ್ತಿ ಕೊಡಬಾರದು.

ಅಂತೂ ಅದೇ ಅಳತೆಯ ಟೈರನ್ನೇ ತಂದೆ. ಮನೆಯಾಕೆ ನಿಂಬೆಹಣ್ಣು ಹಿಡಿದು ನಿಂತಿದ್ದಳು. ಗಾಡಿ ಹಳೆಯದು, ಟೈರೊಂದೇ ಹೊಸದು ಎಂದರೆ, "ಹಂಗಾದ್ರ ಅರ್ಧ ಹಣ್ಣು ಸಾಕು" ಎಂದು ಹೆಚ್ಚಿ ಒಂದೇ ಹೋಳು ಚಕ್ರದ ಅಡಿಗಿಟ್ಟಳು. ಹೊಸ ಟೈರಿನ ಮೈ ಮೊದಲೇ ಜಾರು. ಮೊದಲ ನೂರು ಕಿಲೋಮೀಟರು ಮೆಲ್ಲಗೆ ಓಡಿಸಬೇಕು, ನಿಂಬೆರಸ ಬಿದ್ದಿದ್ದರೆ ಇನ್ನೂ ಮೆಲ್ಲಗೆ. ಹಳೆಯದನ್ನು ತಗಡಿನ ಮಾಡಿನ ಮೇಲೆ ಇಟ್ಟಿದ್ದೇನೆ, ಮುಂದಿನ ಬಂದ್‌ಗೆ ಸರ್ಕಲ್ಲಿನಲ್ಲಿ ಸುಡಲು ಯಾರಾದರೂ ಕೇಳಿಕೊಂಡು ಬಂದೇ ಬರುತ್ತಾರೆ.

ನೀವೂ ಮಿರಗದ ಮಳೆ ಬೀಳುವ ಮೊದಲೇ ಬಗ್ಗಿ ಒಮ್ಮೆ ಗೀರು ನೋಡಿರಿ. ಕೊಳ್ಳುವಾಗ ಆ ನಾಲ್ಕಂಕಿ ಓದಿರಿ, ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗೇ ಇದೆಯೇ ಎಂದು ಹಾಕುವವನ ಎದುರೇ ನಿಂತು ನೋಡಿರಿ, ಬಿಲ್ಲು ಇಸಿದುಕೊಳ್ಳಿರಿ. ಕಟ್ಟೆಯ ಮೇಲಿನವರಿಗೆ ಬೆಲೆ ಮಾತ್ರ ಹೇಳಬೇಡಿರಿ. ಎಷ್ಟು ಹೇಳಿದರೂ ಅವರಿಗೆ ನೂರು ರೂಪಾಯಿ ಕಡಿಮೆಗೆ ಸಿಗುತ್ತಿತ್ತು.