ಹಸುವಿನ ನಾಲಿಗೆ: ಬಳಕೆದಾರರ ಕೈಪಿಡಿ

ಅಭಿನಂದನೆಗಳು! ನಿಮ್ಮ ಕೊಟ್ಟಿಗೆಗೆ ಕಾಲುಬಾಯಿ ಜ್ವರ ಬಂದಿದೆ. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದಿ ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಹಂದಿಗೂ ಬಂದಿರುತ್ತದೆ.

ಹಂತ 1. ಮಾದರಿ ಗುರುತಿಸಿ. ಈ ವೈರಸ್ಸಿನಲ್ಲಿ ಏಳು ಬಗೆ. ನಮ್ಮ ಲಸಿಕೆಯಲ್ಲಿರುವುದು ಮೂರಕ್ಕೆ ಮದ್ದು: ಓ, ಎ, ಏಷ್ಯಾ-1. ‘ಸಿ’ ಭಾರತದಲ್ಲಿ 1995ರ ನಂತರ ಕಂಡಿಲ್ಲ. ಕಣ್ಣಳತೆಯಲ್ಲಿ ಗುರುತಿಸಲು ಹೋಗಬೇಡಿ. ಎಲ್ಲದಕ್ಕೂ ಅದೇ ಜೊಲ್ಲು, ಅದೇ ಕುಂಟು.

ಹಂತ 2. ಅಜ್ಜಿಯನ್ನು ತಡೆಯಿರಿ. ಅವರು ಜೇನು, ರಾಗಿಹಿಟ್ಟು ಹಿಡಿದು ಬರುತ್ತಾರೆ. ಅದಕ್ಕೆ ಮೊದಲು ನಾಲಿಗೆ ನೋಡಿ: ಒಡೆದ ಬೊಕ್ಕೆಯ ಅಂಚಿನಲ್ಲಿ ನೆನೆದ ಕಾಗದದಂತೆ ಜೋತುಬಿದ್ದ ಬಿಳಿ ಸಿಪ್ಪೆ. ಪಶುವೈದ್ಯರಿಗೆ ಬೇಕಾದದ್ದು ಅದೇ. ಇಕ್ಕಳದಲ್ಲಿ ಎತ್ತಿ ಗ್ಲಿಸರಿನ್ ದ್ರಾವಣದ ಸೀಸೆಗೆ ಹಾಕುತ್ತಾರೆ. ಸೀಸೆ ಇಲ್ಲವೆಂದರೆ ಕಾಚಂಪುಳಿಯ ಖಾಲಿ ಬಾಟಲಿ ಕೊಡಬೇಡಿ. ಪಂದಿ ಕರಿಗೆ ಒಗ್ಗುವ ಹುಳಿ ಈ ವೈರಸ್ಸಿಗೆ ಒಗ್ಗುವುದಿಲ್ಲ, ಸತ್ತುಹೋಗುತ್ತದೆ.

ಹಂತ 3. ಕಾಯಿರಿ. ಭುವನೇಶ್ವರದ ಬಳಿಯ ಅರುಗುಲ್‌ನಲ್ಲಿರುವ ರಾಷ್ಟ್ರೀಯ ಕಾಲುಬಾಯಿ ಜ್ವರ ಸಂಸ್ಥೆಯಲ್ಲಿ ಇಂಥ ಸಿಪ್ಪೆಗಳಲ್ಲಿ ಸಿಗುವ ವೈರಸ್‌ಗಳ ವಂಶವೃಕ್ಷ ಬರೆಯುತ್ತಾರೆ. ಲಸಿಕೆ ಪಡೆದ ದನದ ಸೀರಮ್ ಹೊಸ ವೈರಸ್ಸನ್ನು ಎಷ್ಟು ಹಿಡಿಯುತ್ತದೆ, ಲಸಿಕೆಯ ವೈರಸ್ಸನ್ನು ಎಷ್ಟು ಹಿಡಿಯುತ್ತದೆ ಎಂದು ಅಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತಾರೆ. ಉತ್ತರ 0.3 ದಾಟಿದರೆ ಜೋಡಿ ಕೂಡಿತು. ಮೂವತ್ತು ಪೈಸೆಗೆ ಪಾಸು ಮಾಡುವ ಇಷ್ಟು ಉದಾರ ಪರೀಕ್ಷೆ ನಮ್ಮ ಶಾಲೆಯಲ್ಲಿರಲಿಲ್ಲ.

ನಮ್ಮ ಲಸಿಕೆಗಳಲ್ಲಿ ಬಳಸುತ್ತ ಬಂದ ‘ಓ’ ತಳಿ 1975ರದ್ದು. ಹಳೆಯದೆಂದು ಮೂಗು ಮುರಿಯಬೇಡಿ. ಕೂಡುವವರೆಗೆ ಅದೇ ಸರಿ. ಆದರೆ ಕೂಡುತ್ತಿದೆಯೋ ಇಲ್ಲವೋ ತಿಳಿಯುವುದು ಯಾರಾದರೂ ಸಿಪ್ಪೆ ಕಳಿಸಿದರೆ ಮಾತ್ರ. ತುಕ್ಕು ರೋಗ ತಡೆಯುತ್ತದೆಂದು ನೆಟ್ಟ ಎಸ್.795 ಕಾಫಿ ತಳಿಗೇ ತುಕ್ಕು ಹಿಡಿದದ್ದನ್ನು ಕಂಡ ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕೆ? 2013ರಲ್ಲಿ ಕರ್ನಾಟಕದಲ್ಲಿ ಸಾವಿರಾರು ದನ ಸತ್ತಾಗ ಕೊಟ್ಟಿಗೆಗೆ ಬಂದವನೂ ಈ ‘ಓ’ ಮಹಾಶಯನೇ.

ಎಚ್ಚರಿಕೆ: ಜೋಡಿ ಕೂಡಿದರೂ ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಆಟಿ ತಿಂಗಳಲ್ಲಿ ಮೂರು ದಿನ ಕರೆಂಟಿಲ್ಲದ ಊರಿನ ಫ್ರಿಜ್ಜನ್ನು ನಂಬಬೇಡಿ. ಆರು ತಿಂಗಳಿಗೊಮ್ಮೆ ಚುಚ್ಚಿಸಬೇಕು. ಆ ದಿನ ಹಸುವನ್ನು ತೋಟಕ್ಕೆ ಬಿಟ್ಟು, ‘ಲಸಿಕೆಯವರು ಬರಲೇ ಇಲ್ಲ’ ಎನ್ನಬೇಡಿ.

ಸಹಾಯವಾಣಿ: 1962. ಜೇನು ಹಚ್ಚುವ ಮೊದಲು ಫೋನ್ ಮಾಡಿ.