ಸ್ವಸ್ತಿಕ ಇಲ್ಲದ ಬಿಲ್ಲಾ

ಜರ್ಮನ್ ಸೈನ್ಯದ ಪದಕ ಕೂಡಿಸುವವರಲ್ಲಿ ಎರಡು ಜಾತಿ. ರೊಕ್ಕ ಇದ್ದವರು ಯುದ್ಧಕಾಲದ ಅಸಲಿ ಮಾಲು ಕೊಳ್ಳುತ್ತಾರೆ. ಅಣ್ಣಿಗೇರಿಯ ಎರೆಹೊಲದಲ್ಲಿ ಕಡ್ಲಿ ಬೆಳೆಯುವ ನಮ್ಮಂಥವರು 57ರ ಮಾಲಿಗೆ ಕೈಹಾಕುತ್ತಾರೆ. ನಮ್ಮಂಥವರು ಅಂದೆನಷ್ಟೇ, ಸುತ್ತ ಹತ್ತೂರಿನಲ್ಲಿ ನಾನೊಬ್ಬನೇ.

ಹಿಟ್ಲರನ ಕಾಲದ ಪದಕಗಳಲ್ಲಿ ಸ್ವಸ್ತಿಕ ಇತ್ತು. ಯುದ್ಧ ಸೋತ ಮೇಲೆ ಅದನ್ನು ಎದೆಗೆ ಸಿಗಿಸಿ ತಿರುಗುವ ಹಾಗಿರಲಿಲ್ಲ. ಆದರೆ ಕಾಲು ಕಳಕೊಂಡ ಸಿಪಾಯಿ ಸುಮ್ಮನಿರಬೇಕಲ್ಲ! 1957ರ ಜುಲೈನಲ್ಲಿ ಪಶ್ಚಿಮ ಜರ್ಮನಿ ಕಾನೂನು ಮಾಡಿತು: ಪದಕ ಹಾಕಿಕೊಳ್ಳಿ, ಸ್ವಸ್ತಿಕ ಬೇಡ. ಐರನ್ ಕ್ರಾಸಿನ ನಡುವೆ ಮೂರು ಓಕ್ ಎಲೆ ಬಂದು ಕೂತವು, ಕೆಳಗಿನ 1939 ಹಾಗೇ ಉಳಿಯಿತು. ಗಾಯಾಳುಗಳ ಬಿಲ್ಲಾದಲ್ಲಿ ಹೆಲ್ಮೆಟ್ ಇದ್ದಲ್ಲೇ ಇತ್ತು, ಅದರ ಮೇಲಿನ ಗುರುತು ಮಾತ್ರ ಹೋಯಿತು. ಲ್ಯೂಡನ್‌ಶೈಡ್ ಊರಿನ ಸ್ಟೈನ್‌ಹೌವರ್ ಉಂಟ್ ಲ್ಯೂಕ್ ಕಾರ್ಖಾನೆ ಹಳೆಯದನ್ನೂ ಒತ್ತಿತ್ತು, ಹೊಸದನ್ನೂ ಒತ್ತಿತು. ವ್ಯಾಪಾರ ಅಂದರೆ ಹಾಗಿರಬೇಕು. ನಾವೂ ಸ್ವಾತಂತ್ರ್ಯದ ನಂತರ ಮೇಜರ್ ಸಾಹೇಬರ ಹೆಗಲಿನಿಂದ ಕಿರೀಟ ಇಳಿಸಿ ಅಶೋಕನ ಸಿಂಹ ಏರಿಸಿದವರೇ.

ಜರ್ಮನಿಯಲ್ಲಿ ನೌಕರಿ ಮಾಡುವ ಅಳಿಯ ಹಳೇ ಸಾಮಾನಿನ ಸಂತೆಯಲ್ಲಿ ಈ 57ರ ಪದಕಗಳನ್ನು ಅಗ್ಗಕ್ಕೆ ಎತ್ತುತ್ತಾನೆ. ಒಮ್ಮೆ ಕ್ರೀಡಾ ಬಿಲ್ಲಾ ತಂದ. 1913ರಿಂದ ಇದನ್ನು ಕೊಡುತ್ತಾರಂತೆ. ಯಾರನ್ನೂ ಸೋಲಿಸಬೇಕಿಲ್ಲ. ಓಡಿ, ಜಿಗಿದು, ಎಸೆದು ವಯಸ್ಸಿಗೆ ತಕ್ಕ ಅಳತೆ ಮುಟ್ಟಿದರೆ ಕಂಚು, ಬೆಳ್ಳಿ, ಬಂಗಾರ. ಪರದೇಶದವರಿಗೂ ಉಂಟು. ನನಗೂ ಆಸೆ ಚಿಗುರಿತು, ಆದರೆ ಈಜು ಬರುತ್ತದೆ ಅಂತಲೂ ತೋರಿಸಬೇಕಂತೆ. ನಮ್ಮ ಬೆಣ್ಣಿಹಳ್ಳ ಬೇಸಿಗೆಯಲ್ಲಿ ಪಾದ ತೋಯಿಸುವುದಿಲ್ಲ. ಮಳೆಗಾಲದಲ್ಲಿ ಇಳಿದವನು ನೇರ ಮಲಪ್ರಭೆ ಸೇರುತ್ತಾನೆ.

ಜಾತ್ರೆ ಕುಸ್ತಿಯಲ್ಲಿ ಬೆಳ್ಳಿ ಕಡೆ ಗೆದ್ದ ನಮ್ಮ ಓಣಿಯ ಪೈಲವಾನ ಆ ಕ್ರೀಡಾ ಬಿಲ್ಲಾವನ್ನು ಅಂಗೈಯಲ್ಲಿಟ್ಟು ತೂಗಿದ. “ಅಣ್ಣಾರ, ಅಡಾ ಇಟ್ರ ಎಷ್ಟ ಬರತೈತ್ರಿ?”

“ಏನೂ ಬರಂಗಿಲ್ಲ.”

“ಹಂಗಾರ ಸೋತವ್ರಿಗೆ ಕೊಡೂದೇನ್ರಿ ಇದು?”

ಸುಬೇದಾರ್ ಕಾಕಾ ಮತ್ತೂ ಕಠಿಣ. ಅವರು ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿದ್ದವರು. ಅವರಪ್ಪನೂ ಅದೇ ಪಲ್ಟನ್ನು, 1944ರಲ್ಲಿ ಇಟಲಿಯೊಳಗೆ ಜರ್ಮನರ ಎದುರು ಕಾದಿದವರು. ಅದಕ್ಕೆ ಸಿಕ್ಕ ಇಟಲಿ ಸ್ಟಾರ್ ಪದಕ ಇನ್ನೂ ಕಾಕಾರ ದೇವರ ಜಗಲಿಯ ಮೇಲಿದೆ. ನನ್ನ ಡಬ್ಬಿ ನೋಡಿ ಉರಿದೆದ್ದರು. “ನಮ್ಮಪ್ಪ ಇವ್ರನ್ನ ಗುಡ್ಡದಿಂದ ಗುಡ್ಡಕ್ಕ ಓಡಿಸ್ಯಾನ. ನೀ ರೊಕ್ಕಾ ಕೊಟ್ಟು ಊರಿಗೆ ಕರಕೊಂಡ ಬಂದೀಯಲ್ಲೋ!”

ಮನೆಯಾಕೆಯ ತಕರಾರು ಬೇರೆ. “ಈ ಎಲಿ ಜಾಗಾದಾಗ ಮೊದ್ಲ ಏನಿತ್ರಿ?”

“ಸ್ವಸ್ತಿಕ.”

“ಅಯ್ಯ, ಅದನ್ನ ಯಾರರ ತಗೀತಾರೇನ್ರಿ?”

ಹಿಟ್ಲರ್, ಯಹೂದಿಗಳ ಕಗ್ಗೊಲೆ ಎಲ್ಲ ಹೇಳಿದೆ. ಅವಳ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತಿನ ಮೇಲೆ, “ಅಂವ ಸುಡುಗಾಡಿಗೆ ಹೋಗ್ಲಿ. ಸ್ವಸ್ತಿಕ ಏನ ಮಾಡಿತ್ತು ಪಾಪ?” ಅಂದಳು.

ಖಂಡೇಪೂಜೆಯ ದಿನ ಕುಡಗೋಲು, ಕೊಡಲಿ, ಟ್ರ್ಯಾಕ್ಟರಿನ ಕೀಲಿಕೈ ಸಾಲಿನಲ್ಲಿ ನನ್ನ ಡಬ್ಬಿಯೂ ಬಾಯ್ದೆರೆದು ಕೂತಿತ್ತು. ಐರನ್ ಕ್ರಾಸಿನ ಓಕ್ ಎಲೆಗಳ ಮೇಲೆ ಒದ್ದೆ ಕುಂಕುಮದ ಪುಟ್ಟ ಸ್ವಸ್ತಿಕ. ಬಾನ್ ಪಟ್ಟಣದಲ್ಲಿ ಪಾರ್ಲಿಮೆಂಟು ಕೂತು ತೆಗೆಸಿದ್ದನ್ನು ನಮ್ಮಾಕೆ ಉಂಗುರಬೆರಳಿನಲ್ಲಿ ತಿರುಗಿ ಬರೆದಿದ್ದಳು.

ಪ್ರಸಾದಕ್ಕೆ ಬಂದ ಸುಬೇದಾರ್ ಕಾಕಾ ಚಾಳೀಸು ಏರಿಸಿ ನೋಡಿದರು. “ಪೂಜಿ ಬ್ಯಾರೆ! ನಮ್ಮಪ್ಪನ ಸ್ಟಾರಿಗೆ ಒಂದ ಹೂವರ ಉಳದೈತೇನವಾ?”